ಅರಮನೆಯ ಹೊರಗಿನ ಬೆಂಚು

ಡಾಕ್ಟರ್ ಪ್ರಕಾಶ ವಿಯೆನ್ನಾದ ಸಮ್ಮೇಳನಕ್ಕೆ ಚಿಕ್ಕಮ್ಮ ಭಾಗೀರಥಮ್ಮನನ್ನೂ ಕರೆದುಕೊಂಡು ಹೋಗುತ್ತಾನಂತೆ ಎಂಬ ಸುದ್ದಿ 2007ರ ಬೇಸಿಗೆಯಲ್ಲಿ ಭೇಲೂಪುರದಿಂದ ಕೇದಾರ ಘಾಟಿನವರೆಗೆ, ಕಾಶಿಯ ಕನ್ನಡದವರ ಮನೆಗಳಲ್ಲೆಲ್ಲ ಹರಡಿತು. ದಾವಣಗೆರೆಯ ಭಾಗೀರಥಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಕ್ಕನ ಮಗನಿಗೆ ಇಲ್ಲಿ ಕೆಲಸ ಸಿಕ್ಕಾಗ ಅಡುಗೆಗೆಂದು ಬಂದವರು ಇಲ್ಲೇ ಉಳಿದಿದ್ದರು. ರಾಜರಾಣಿಯರ ಕಥೆ ಎಂದರೆ ಅವರಿಗೆ ಒಲೆಯ ಮೇಲಿನ ಹಾಲೂ ನೆನಪಿರುತ್ತಿರಲಿಲ್ಲ.

ಕರೆದುಕೊಂಡು ಹೋದದ್ದೇನೋ ನಿಜ. ಮೂರು ವರ್ಷದ ನೇಹಾಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಮೊದಲ ಅರಮನೆಯ ಬಾಗಿಲಲ್ಲಿ ಪ್ರಕಾಶನ ಹೆಂಡತಿ ವಿಜಯಶ್ರೀ, "ಚಿಕ್ಕಮ್ಮ, ಇವಳು ಒಳಗೆ ಗಲಾಟೆ ಮಾಡ್ತಾಳೆ. ನೀವು ಇಲ್ಲೇ ಕೂತಿರಿ. ನಾವು ಬಂದ ಮೇಲೆ ನೀವು ಹೋಗಿ ನೋಡಿ" ಎಂದಳು. ಗಂಡ ಹೆಂಡತಿ ಹೊರಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚುವ ಹೊತ್ತಾಗಿತ್ತು. ಮರುದಿನ ವಸ್ತುಸಂಗ್ರಹಾಲಯದ ಮುಂದೆಯೂ ಹಾಗೇ ಆಯಿತು. ಪ್ರಾಗ್ ಊರಿನ ಕೋಟೆಗೆ ಬಂದಾಗ ಸೊಸೆ ಏನೂ ಹೇಳಬೇಕಾಗಲಿಲ್ಲ. ಭಾಗೀರಥಮ್ಮನೇ ಮಗುವಿನ ಗಾಡಿ ತಳ್ಳಿಕೊಂಡು ಬೆಂಚು ಹುಡುಕಿದರು. ಹೊರಗೆ ಬರುವವರ ಮುಖ ನೋಡುತ್ತ, ಒಳಗೆ ಏನಿದ್ದೀತೆಂದು ಊಹಿಸುತ್ತ ಕೂತರು.

ಕಾಶಿಗೆ ಮರಳಿದ ಮೇಲೆ ಮೊದಲು ವಿಚಾರಿಸಿದವಳು ಕಾಶಮ್ಮ. ಕೇದಾರ ಘಾಟಿನ ಓಣಿಯಲ್ಲಿ ಇಡ್ಲಿ ಅಂಗಡಿ ನಡೆಸುತ್ತಿದ್ದ ಅವಳೊಬ್ಬಳೇ ಭಾಗೀರಥಮ್ಮನ ಗೆಳತಿ.

"ಅರಮನೆ ನೋಡಿದ್ರಾ ಅಕ್ಕಾ? ಒಳಗೆ ಹೆಂಗಿತ್ತು?"

ಅಷ್ಟು ಆಸೆಯಿಂದ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನೋಡಲಿಲ್ಲ ಎನ್ನಲು ಬಾಯಿ ಬರಲಿಲ್ಲ. ನೋಡಿದವರಂತೆಯೇ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ಎಲ್ಲ ಕಣ್ಣಿಗೆ ಕಟ್ಟಿತು.

ಕಾಶಮ್ಮ ಸುಮ್ಮನಿರಲಿಲ್ಲ. ಸೋಮವಾರ ಕನ್ನಡದವರ ಮಠದಲ್ಲಿ ವಚನ ಹಾಡಲು ಅಕ್ಕನ ಬಳಗದ ಹೆಂಗಸರು ಸೇರಿದಾಗ ಭಾಗೀರಥಮ್ಮನನ್ನು ಎಳೆದು ತಂದು ಎದುರಿಗೆ ಕೂರಿಸಿದಳು.

"ಗೋಡೆ ತುಂಬ ಕನ್ನಡಿ ಕಣ್ರೇ. ಒಂದು ದೀಪ ಹಚ್ಚಿದ್ರೆ ಸಾವಿರ ಕಾಣ್ತವೆ," ಎಂದರು ಭಾಗೀರಥಮ್ಮ. "ಆದರೆ ರಾಣಿ ಮಲಗೋ ಮಂಚ ಮಾತ್ರ ಗಿಡ್ಡ. ಅಷ್ಟು ದೊಡ್ಡ ಮನೇಲಿ ಅಷ್ಟು ಗಿಡ್ಡ ಮಂಚ! ನೋಡಿ ನನಗೆ ಅಳುನೇ ಬಂತು."

ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಆಗಲೇ ವಿಜಯಶ್ರೀ ನೇಹಾಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮನೆಗೆ ಅತಿಥಿಗಳು ಬರುವವರಿದ್ದರು. ಚಿಕ್ಕಮ್ಮನನ್ನು ಕರೆದೊಯ್ಯಲು ಬಂದಿದ್ದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ಅವಳು. ಅವಳ ಪ್ರವಾಸದ ಬಗ್ಗೆ ಅಲ್ಲಿ ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ಮಂಚ ಯಾವಾಗ ನೋಡಿದ್ರಿ ಚಿಕ್ಕಮ್ಮ?" ನಗುತ್ತಲೇ ಕೇಳಿದಳು. "ನೀವು ಒಂದರ ಒಳಗೂ ಬರಲಿಲ್ಲವಲ್ಲ!"

ಭಾಗೀರಥಮ್ಮ ಸೆರಗು ಎಳೆದುಕೊಂಡು ಏಳಹೊರಟರು.

"ಇರಿ, ಫೋಟೋನೇ ಇದೆ." ವಿಜಯಶ್ರೀ ಫೋಟೋ ಹಾಕಿಸಲೆಂದು ಚೀಲದಲ್ಲಿಟ್ಟುಕೊಂಡಿದ್ದ ಕ್ಯಾಮೆರಾ ತೆಗೆದು ಹತ್ತಿರದವಳ ಕೈಗೆ ಕೊಟ್ಟಳು. ಸೀರೆಯ ಮೇಲೆ ಪ್ರಕಾಶನ ಹಳೆಯ ಕೋಟು ತೊಟ್ಟು, ಒಂದು ಕೈಯಲ್ಲಿ ಗಾಡಿ ಹಿಡಿದು, ಬಾಯಿ ತೆರೆದು, ಭಾಗೀರಥಮ್ಮ ಬೆಂಚಿನ ಮೇಲೆ ನಿದ್ದೆಹೋಗಿದ್ದರು. ನೇಹಾ ಚಪ್ಪಾಳೆ ತಟ್ಟಿ, "ದಾದಿ ಸೋ ರಹೀ ಹೈ!" ಎಂದು, ಅಜ್ಜಿ ಮಲಗಿದ್ದಾಳೆಂದು, ಹಿಂದಿಯಲ್ಲಿ ಕೂಗಿದಳು. ಯಾರೋ ಕಿಸಕ್ಕೆಂದರು. ಕ್ಯಾಮೆರಾ ಕೈಯಿಂದ ಕೈಗೆ ಹೋದಂತೆ ನಗು ಏರಿತು. ಕಾಶಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ. ಭಾಗೀರಥಮ್ಮ ನೋಡಿದ್ದು ಅವಳೊಬ್ಬಳನ್ನೇ.

ಮನೆಯಲ್ಲಿ ಪ್ರಕಾಶ, "ಅಷ್ಟು ದೂರ ಕರ್ಕೊಂಡು ಹೋಗಿದ್ದಕ್ಕೆ ಹೀಗಾ? ಮಠದವರ ಮುಂದೆ ನಮ್ಮ ಮರ್ಯಾದೆ ಏನಾಗಬೇಕು?" ಎಂದ. ಅತಿಥಿಗಳಿಗೂ ವಿಜಯಶ್ರೀ ಅದೇ ಕಥೆ ಹೇಳಿದಳು. ಊಟದ ನಡುವೆ ಕ್ಯಾಮೆರಾ ಮತ್ತೆ ಕೈ ಬದಲಾಯಿಸಿತು. ಭಾಗೀರಥಮ್ಮ ಬಿಸಿ ಚಪಾತಿ ತಂದು ತಂದು ಬಡಿಸಿದರು.

ಎರಡು ದಿನ ಬಿಟ್ಟು ಕಾಶಮ್ಮ ಇಡ್ಲಿಯ ಡಬ್ಬಿ ಹಿಡಿದು ಬಂದಳು.

"ಅಕ್ಕಾ, ತಪ್ಪಾಯ್ತು. ನಗು ತಡ್ಕೊಳಾಕಾಗಲಿಲ್ಲ. ನೋಡದಿದ್ರೇನು, ಎಷ್ಟು ಚಂದ ಹೇಳಿದ್ರಿ! ಇನ್ನೊಂದ್ಸಲ ಹೇಳ್ರಿ."

ಭಾಗೀರಥಮ್ಮ ಡಬ್ಬಿ ಮುಟ್ಟಲಿಲ್ಲ. ಕಾಶಮ್ಮನ ಗಂಡ ಸನ್ಯಾಸ ತೆಗೆದುಕೊಂಡು ಹಿಮಾಲಯಕ್ಕೆ ಹೋದನೆಂದೇ ಓಣಿಯವರೆಲ್ಲ ನಂಬಿದ್ದರು. ಆ ಗೌರವದಿಂದಲೇ ಅವಳ ಅಂಗಡಿ ನಡೆಯುತ್ತಿತ್ತು. ನಿಜ ಏನೆಂದು ಅವಳು ಒಂದು ಸಲ, ಘಾಟಿನ ಮೆಟ್ಟಿಲ ಮೇಲೆ ಅತ್ತು, ಭಾಗೀರಥಮ್ಮನಿಗೆ ಮಾತ್ರ ಹೇಳಿದ್ದಳು.

"ವಿಜಯಾ, ಬಾ ಇಲ್ಲಿ," ಭಾಗೀರಥಮ್ಮ ಒಳಗೆ ತಿರುಗಿ ಕರೆದರು. "ಇವಳ ಗಂಡ ಸನ್ಯಾಸಿ ಆಗಿದ್ದಾನೆ ಅಂತಾರಲ್ಲ, ಅವನು ಇಲ್ಲೇ ಪಕ್ಕದ ಮಿರ್ಜಾಪುರದಲ್ಲಿ ಇನ್ನೊಬ್ಬಳನ್ನ ಇಟ್ಕೊಂಡು ಸಂಸಾರ ಮಾಡ್ತಿದ್ದಾನೆ. ಇವಳು ಹೋಗಿ ಕರೆದ್ರೆ ಬೀದಿಯಲ್ಲಿ ಚಪ್ಪಲಿಲಿ ಹೊಡೆದು ಕಳಿಸಿದನಂತೆ."

"ಅಕ್ಕಾ," ಎಂದಳು ಕಾಶಮ್ಮ.

ವಿಜಯಶ್ರೀ ಒದ್ದೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಕಾಶಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದಳು.

"ನಿಜವಾ ಚಿಕ್ಕಮ್ಮ? ಇರಿ, ಚಹಾ ಮಾಡ್ತೀನಿ. ಮೊದಲಿಂದ ಹೇಳಿ."

ಆ ಮನೆಯಲ್ಲಿ ಭಾಗೀರಥಮ್ಮನಿಗಾಗಿ ಯಾರಾದರೂ ಚಹಾ ಮಾಡಿದ್ದು ಅದೇ ಮೊದಲು. ಅವರು ಲೋಟ ಹಿಡಿದು ಕೂತು, ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಅದು ಮುಗಿದ ಮೇಲೂ, ಸೊಸೆ ಇನ್ನೂ ಕಣ್ಣರಳಿಸಿ ಕೇಳುತ್ತಿದ್ದುದರಿಂದ, ನಿಲ್ಲಿಸಲಿಲ್ಲ.