ಅರ್ಧ ಖಾಲಿ ಚೌಕ

"ಒಣಗಿದ್ಮೇಲೆ ಸರಿಹೋಗತ್ತೆ ಮಿಸ್," ಎಂದ ಸುಘೋಷ್, ಮೂರನೆಯ ಸಲ.

ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಏಳನೇ ತರಗತಿಯ ಮಕ್ಕಳೆಲ್ಲ ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ಹಿಂದಿನ ಗೋಡೆಯನ್ನೇ ಕಾಯುತ್ತಿದ್ದರು. ನಿನ್ನೆ ಬಳಿದ ಎಡಭಾಗ ತಿಳಿನೀಲಿ. ಇವತ್ತು ಅದರ ಪಕ್ಕದಲ್ಲಿ ಬಳಿದು ನೋಡಿದ ಗೇಣಗಲದ ಪಟ್ಟಿ ಮಾತ್ರ ಒಣಗುತ್ತಾ ಬಂದರೂ ಗಾಢವಾಗಿಯೇ ಉಳಿದಿತ್ತು, ಹಳೇ ಅಂಗಿಗೆ ಹಾಕಿದ ತೇಪೆಯಂತೆ.

ಮಾಲವಿಕಾ ಗೋಡೆಯ ಹತ್ತಿರ ಹೋಗಿ ಪಟ್ಟಿಯನ್ನು ನೋಡಿದಳು. ಮೂಡಲಪಾಳ್ಯದ ಈ ಶಾಲೆಗೆ ಗಣಿತ ಕಲಿಸಲು ಬಂದು ನಾಲ್ಕು ತಿಂಗಳಾಗಿದ್ದರೂ ಅವಳಿಗೆ ಮಾತಿಗಿಂತ ಸುಮ್ಮನಿರುವುದೇ ಸಲೀಸು. ಅನುಪಾತದ ಪಾಠವನ್ನೂ ಅವಳು ಸೂತ್ರ ಹೇಳದೆ ಚೌಕ ಬರೆದೇ ಶುರುಮಾಡಿದ್ದಳು. ಎರಡಕ್ಕೆ ಮೂರು ಎಂದರೆ ಮೇಲಿನ ಸಾಲಿನಲ್ಲಿ ಎರಡು ಚೌಕ, ಕೆಳಗೆ ಮೂರು. ಒಂದು ಚೌಕದಲ್ಲಿ ಎಷ್ಟೋ ಎಲ್ಲದರಲ್ಲೂ ಅಷ್ಟೇ.

ಹೆಡ್‌ಮಾಸ್ಟರ್ ಭರಮಪ್ಪನವರಿಗೆ ಅದು ಹಿಡಿಸಿರಲಿಲ್ಲ. ಗೋಡೆಯ ಬಣ್ಣವನ್ನು ಮಕ್ಕಳೇ ಲೆಕ್ಕಹಾಕಿ ಬೆರೆಸಲಿ ಎಂದು ಅವಳು ಕೇಳಿದಾಗ ನಕ್ಕಿದ್ದರು. "ಹಚ್ರಿ ನೋಡೋಣು. ಶನಿವಾರ ಪಾಲಕರು ಬರೂದ್ರಾಗ ಗ್ವಾಡಿ ಚಂದ ಆದ್ರ ನಿಮ್ಮ ಚೌಕ ನಡೀಲಿ. ಇಲ್ಲಾಂದ್ರ ಸೋಮವಾರದಿಂದ ಪುಸ್ತಕದಾಗಿನ ಅಡ್ಡಗುಣಾಕಾರ."

ಇವತ್ತೇ ಶನಿವಾರ. ಪಾಲಕರು ಬರುವುದು ಹನ್ನೆರಡಕ್ಕೆ. ಈಗ ಹತ್ತೂವರೆ.

ನಿನ್ನೆ ಎರಡು ಮಗ್ಗು ನೀಲಿಗೆ ಮೂರು ಮಗ್ಗು ಬಿಳಿ ಬೆರೆಸಿದ್ದರು. ಉಳಿದ ಗೋಡೆ ದೊಡ್ಡದು. ಬೆಳಿಗ್ಗೆ ಹಾಜರಿ ಹಾಕುತ್ತಾ ಮಾಲವಿಕಾ ತಲೆಯೆತ್ತದೆ, "ಎರಡರಲ್ಲೂ ಎರಡೆರಡು ಮಗ್ಗು ಜಾಸ್ತಿ ಹಾಕ್ಕೊಳ್ಳಿ," ಎಂದಿದ್ದಳು. ಬಕೆಟ್ಟಿಗೆ ನಾಲ್ಕು ನೀಲಿ, ಐದು ಬಿಳಿ ಬಿದ್ದಿತ್ತು.

"ಅಂಗಡಿಯವ್ನು ಬೇರೆ ನೀಲಿ ಕೊಟ್ಬಿಟ್ಟವ್ನೆ ಮಿಸ್," ಎಂದ ಸುಘೋಷ್.

ಬಾಗಿಲಲ್ಲಿ ಭರಮಪ್ಪ ನಿಂತಿದ್ದರು. "ಹೌದೇನ್ರಿ ಮೇಡಂ? ಅಂಗಡಿಯಾಂವಂದೇನು?"

ಹೌದು ಎಂದರೆ ಮುಗಿಯುತ್ತಿತ್ತು. ಮಾಲವಿಕಾಳ ಬಾಯಿಗೆ ಆ ಮಾತು ಬಂದೂ ಬಂದಿತ್ತು. ಅಷ್ಟರಲ್ಲಿ ಬಕೆಟ್ಟಿನ ಪಕ್ಕ ಸೀಮೆಸುಣ್ಣದ ಸದ್ದಾಯಿತು.

ದಿವ್ಯ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಚೌಕ ಬರೆಯುತ್ತಿದ್ದಳು. ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ತೆಗೆದ ಹುಡುಗಿ. ತರಗತಿಯಲ್ಲಿ ಬಾಯಿಬಿಟ್ಟವಳೇ ಅಲ್ಲ. ಪಾಠದುದ್ದಕ್ಕೂ ನೋಟ್ಸಿನ ಚೌಕಗಳಿಗೆ ಪೆನ್ಸಿಲ್ ಬಣ್ಣ ತುಂಬುತ್ತಾ ಕೂರುವವಳು. ಹೊತ್ತು ಕಳೆಯುತ್ತಿದ್ದಾಳೆ ಎಂದೇ ಮಾಲವಿಕಾ ತಿಳಿದಿದ್ದಳು.

ನೀಲಿಗೆ ಎರಡು ಚೌಕ. ಒಂದೊಂದರಲ್ಲೂ ಎರಡೆರಡು ಗೀಟು ಎಳೆದಳು. ನಾಲ್ಕು ಮಗ್ಗು ಮುಗಿಯಿತು. ಬಿಳಿಗೆ ಮೂರು ಚೌಕ. ಎರಡು ಗೀಟು, ಎರಡು ಗೀಟು, ಒಂದು ಗೀಟು. ಅಲ್ಲಿಗೆ ಐದಾಗಿ ಅವಳ ಕೈ ನಿಂತಿತು.

"ಮಿಸ್, ಇದು ಅರ್ಧ ಖಾಲಿ," ಎಂದಳು. ಖಾಲಿ ಜಾಗಕ್ಕೆ ಬೆರಳಿಟ್ಟು, "ಇನ್ನೊಂದೇ ಮಗ್ಗು ಬಿಳಿ ಸಾಕು."

ಮಾಲವಿಕಾ ಆ ಐದು ಚೌಕಗಳನ್ನು ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. ಬೆಳಿಗ್ಗೆ ಎರಡೆರಡು ಎಂದವಳು ತಾನೇ.

"ಅಂಗಡಿಯವ್ರದ್ದೇನೂ ಇಲ್ಲ ಸಾರ್. ನಾನೇ ತಪ್ಪು ಹೇಳ್ಕೊಟ್ಟೆ."

"ಲೆಕ್ಕದ ಮೇಡಂನ ಲೆಕ್ಕ ತಪ್ಪಿತಂದ್ರ ಹೆಂಗ್ರಿ?"

"ಮಿಸ್‌ಗೆ ಎಷ್ಟು ಮಾರ್ಕ್ಸ್ ಸಾರ್?" ಹಿಂದಿನಿಂದ ಸುಘೋಷ್ ಕೂಗಿದ.

ದಿವ್ಯ ಬಕೆಟ್ಟು ನೋಡಿ, ಅದಕ್ಕೆ ಬಿದ್ದ ಮಗ್ಗುಗಳನ್ನು ಎಣಿಸಿದಳು. "ಹತ್ತಕ್ಕೆ ಒಂಬತ್ತು," ಎಂದಳು ಗಂಭೀರವಾಗಿ.

ಇಡೀ ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಲವಿಕಾ. ಅವಳ ನಗು ಹೇಗಿರುತ್ತದೆಂದು ಮಕ್ಕಳಿಗೆ ಗೊತ್ತಾದದ್ದು ಆಗಲೇ. "ಗದ್ಲ ಮಾಡಬ್ಯಾಡ್ರಲೇ!" ಎಂದು ಗದರಿಸಿ ಭರಮಪ್ಪ ಮೀಸೆಗೆ ಕೈಹಚ್ಚಿಕೊಂಡು ಹೊರಟುಹೋದರು.

ಬಿಳಿಯ ಡಬ್ಬ ಬೋರಲು ಹಾಕಿ, ತಳ ಕೆರೆದು, ಒಂದು ಮಗ್ಗು ತುಂಬಿಸಿ ಬಕೆಟ್ಟಿಗೆ ಸುರಿದರು. ದಿವ್ಯ ಕೋಲಿನಿಂದ ಕಲಕಿದಳು. ಸುಘೋಷ್ ಬೆಂಚು ಹತ್ತಿದ.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಭರಮಪ್ಪ ಮತ್ತೆ ಬಂದರು. ಕನ್ನಡಕ ಏರಿಸಿ ಗೋಡೆಯ ಉದ್ದಕ್ಕೂ ನಡೆದರು, ತಿರುಗಿ ಬಂದರು, ಬಗ್ಗಿ ನೋಡಿದರು.

"ನಿನ್ನೀದು ಎಲ್ಲಿ ಮುಗೀತು?"

ಸೇರಿದ ಗೆರೆ ಎಲ್ಲೂ ಕಾಣುತ್ತಿರಲಿಲ್ಲ. ಅವರು ಬೆರಳಿಟ್ಟು ಸವರಿದರು. ಇನ್ನೂ ಒಣಗದ ಕಡೆ ಬೆರಳ ತುದಿ ನೀಲಿಯಾಯಿತು. ಗೇಟಿನ ಬಳಿ ಪಾಲಕರ ಸ್ಕೂಟರುಗಳ ಸದ್ದು ಕೇಳಿ, ಆ ಬೆರಳನ್ನು ಹಾಗೇ ಮೇಲಕ್ಕೆ ಹಿಡಿದುಕೊಂಡು ಬಾಗಿಲ ಕಡೆ ಹೊರಟರು. ದಾರಿಯಲ್ಲಿ ನೆಲದ ಮೇಲೆ ಐದು ಚೌಕಗಳಿದ್ದವು. ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದು, ಪಕ್ಕಕ್ಕಿಟ್ಟು, ಸುತ್ತು ಬಳಸಿ ನಡೆದರು.