ಬೀರುವಿನಲ್ಲಿ ಉಳಿದ ಕಾಗದ

ನನ್ನ ಅಕ್ಕ ಸುಹೈರಳ ಕಿರಿಯ ಮಗಳು ರಿಹಾಬ್‌ಗೆ ಆಟಿಸಂ ಇದೆ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ನನ್ನಂಥ ಹೇಡಿ ಹೆಂಗಸು ಇನ್ನೊಬ್ಬಳು ಇರಲಿಕ್ಕಿಲ್ಲ.

ಗಣಿತದಲ್ಲಿ ರಿಹಾಬ್ ಹುಲಿ. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅಲ್ಲೇ ವಿದ್ಯಾರ್ಥಿ ವಿಭಾಗದಲ್ಲಿ ನಾನು ಗುಮಾಸ್ತೆ. ಕೈರೋದ ವೈದ್ಯರು ಬರೆದುಕೊಟ್ಟ ಕಾಗದವನ್ನು ಅರ್ಜಿಗೆ ಲಗತ್ತಿಸಿದ್ದರೆ ಸಾಕಿತ್ತು, ಪರೀಕ್ಷೆಗೆ ಸದ್ದಿಲ್ಲದ ಬೇರೆ ಕೋಣೆ ಸಿಗುತ್ತಿತ್ತು. ಅಕ್ಕ ಒಪ್ಪಲಿಲ್ಲ.

“ದೊಡ್ಡವಳು ದಾಲಿಯಾಗೆ ಈಗ್ತಾನೆ ಗಂಡು ಗೊತ್ತಾಗಿದೆ. ತಂಗಿ ಹೀಗೆ ಅಂತ ತಿಳಿದ್ರೆ ರಕ್ತದಲ್ಲೇ ಇದೆ ಅಂದ್ಬಿಡ್ತಾರೆ. ನಿಮ್ಮ ಆಫೀಸಲ್ಲಿ ಗಂಡಿನ ಸೋದರತ್ತೆ ಬೇರೆ ಕೂತಿದಾಳೆ. ಬಾಯಿಗೆ ಬೀಗ ಹಾಕ್ಕೊಳ್ಳೇ.”

“ಮದ್ವೆ ಆಗೋವರ್ಗೂನಾ?”

“ಆಗಿ, ಒಂದು ಮಗು ಆಗೋವರ್ಗೂ.”

ಕಾಗದವನ್ನು ನಾನೇ ಅಕ್ಕನ ಬೀರುವಿನಲ್ಲಿ ಮುಚ್ಚಿಟ್ಟೆ. ಬದಲಿಗೆ ಬೇಸಿಗೆಯಿಡೀ ರಿಹಾಬ್‌ಳನ್ನು ಗೇಟಿನಿಂದ ಪರೀಕ್ಷೆಯ ಹಾಲ್‌ವರೆಗೆ ನಡೆಸಿ ಅಭ್ಯಾಸ ಮಾಡಿಸಿದೆ. ಮುಟ್ಟಿದರೆ ಅವಳಿಗೆ ಆಗದು, ಅದಕ್ಕೇ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ರಜೆಯ ದಿನಗಳ ಖಾಲಿ ಹಾಲ್. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಖಾಲಿ ಹಾಲ್‌ನಲ್ಲಿ ಯಾರಾದರೂ ಪರೀಕ್ಷೆ ಬರೆಯುತ್ತಾರೆಯೇ?

ಜನವರಿಯಲ್ಲಿ ಅದೇ ಹಾಲ್‌ನಲ್ಲಿ ನಾನೂರು ಜನ. ರಿಹಾಬ್ ಕಿವಿ ಮುಚ್ಚಿಕೊಂಡು ಸೂತ್ರಗಳನ್ನು ಗುನುಗುತ್ತ ಕೂತಿದ್ದಳಂತೆ. ನಮ್ಮಲ್ಲಿ ಕೆಲವರು ಹಿಜಾಬಿನಡಿ ಪುಟ್ಟ ಇಯರ್‌ಫೋನ್ ಸಿಕ್ಕಿಸಿಕೊಂಡು ನಕಲು ಹೊಡೆಯುವುದುಂಟು. ಮೇಲ್ವಿಚಾರಕಿಗೆ ಅನುಮಾನ ಬಂತು. ಕಿವಿ ನೋಡಲು ಹಿಜಾಬಿನೊಳಗೆ ಕೈ ಹಾಕಿದಳು. ರಿಹಾಬ್ ಆ ಕೈಯನ್ನು ರಕ್ತ ಬರುವಂತೆ ಕಚ್ಚಿದಳು. ಇಯರ್‌ಫೋನ್ ಸಿಗಲಿಲ್ಲ. ಗಲಾಟೆಯಲ್ಲಿ ಎಸೆದಿರಬೇಕು ಎಂದು ವರದಿಯಾಯಿತು.

ಶಿಸ್ತು ಸಮಿತಿ ಕೂರುವ ಹಿಂದಿನ ದಿನ ಅಕ್ಕನ ಕಾಲಿಗೆ ಬಿದ್ದೆ. “ಆ ಕಾಗದ ಕೊಡಕ್ಕಾ, ಹುಡುಗಿ ಓದು ಹೋಗುತ್ತೆ.”

“ಒಬ್ಬಳ ಓದು ಹೋದ್ರೆ ಹೋಗ್ಲಿ, ಇನ್ನೊಬ್ಬಳ ಬಾಳು ಉಳೀಲಿ,” ಎಂದು ಅಕ್ಕ ಅತ್ತಳು. ನಾನೂ ಅತ್ತೆ. ಅತ್ತು ಏನು ಬಂತು?

ಸಮಿತಿಯ ನಡಾವಳಿ ಬರೆಯುವವಳು ನಾನೇ. ಅಧ್ಯಕ್ಷರು ಕೆಟ್ಟವರಲ್ಲ. “ಏನಮ್ಮಾ, ಮಗಳಿಗೆ ಏನಾದ್ರೂ ತೊಂದ್ರೆ ಇದ್ಯಾ? ಇದ್ರೆ ಹೇಳಿ, ದಾರಿ ಇದೆ,” ಎಂದು ಅಕ್ಕನನ್ನು ಕೇಳಿದರು.

“ಏನೂ ಇಲ್ಲ ಸಾರ್. ಹಟಮಾರಿ, ಅಷ್ಟೇ.”

“ಇದೆ,” ಎಂದಳು ರಿಹಾಬ್. “ಆಟಿಸಂ. ಡಾಕ್ಟರ್ ಕಾಗದ ಬೀರುನಲ್ಲಿದೆ. ಇಟ್ಟಿದ್ದು ಚಿಕ್ಕಮ್ಮ.”

ಅಧ್ಯಕ್ಷರು ನನ್ನತ್ತ ತಿರುಗಿದರು. ಬಾಗಿಲ ಬಳಿ ಗಂಡಿನ ಸೋದರತ್ತೆ ಫೈಲು ಹಿಡಿದು ನಿಂತಿದ್ದಳು.

“ಅಂಥದ್ದೇನೂ ಇಲ್ಲ ಸಾರ್,” ಎಂದೆ.

“ಚಿಕ್ಕಮ್ಮ ಮರ್ತಿದಾರೆ,” ಎಂದು ರಿಹಾಬ್ ನನ್ನ ಪರವಾಗಿ ಅಧ್ಯಕ್ಷರಿಗೆ ವಿವರಿಸಿದಳು. “ಎರಡನೇ ಖಾನೆ, ನೀಲಿ ಹೊದಿಕೆ ಅಡೀಲಿ. ಈಗ ನೆನಪಾಗುತ್ತೆ ಅವರಿಗೆ.”

ಎಲ್ಲರೂ ಕಾದರು. ನಾನು ನಡಾವಳಿಯ ಪುಟ ತಿರುಗಿಸಿದೆ.

ರಿಹಾಬ್‌ಳನ್ನು ಎರಡು ವರ್ಷ ಹೊರಗಿಟ್ಟರು. ಕಾರಣಗಳನ್ನು ಅಧ್ಯಕ್ಷರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ನಕಲು, ಹಲ್ಲೆ, ಸಮಿತಿಯ ಮುಂದೆ ಸುಳ್ಳು.