ಅಣ್ಣ ನಿಂತ ಜಾಗ

ತಗಡು ಕತ್ತರಿಸಿ, ಬಗ್ಗಿಸಿ, ಬೇಕಾದ ಆಕಾರಕ್ಕೆ ತರುವುದೆಂದರೆ ಕುಳ್ಳನಿಗೆ ನೀರು ಕುಡಿದಷ್ಟು ಸಲೀಸು. ಊರವರ ಬಕೆಟ್ಟು, ಕೊಳಗ, ಸೈಕಲ್ಲಿನ ಮಡ್‌ಗಾರ್ಡು ಎಲ್ಲವೂ ಹೇಳಿದ ದಿನಕ್ಕೆ ಸಿದ್ಧ. ಅಣ್ಣ ಕೇಳಿದ್ದು ಮಾತ್ರ ಎರಡು ವರ್ಷವಾದರೂ ಆಗಲಿಲ್ಲ. ಮನೆಯವರ ಕೆಲಸ ತಾನೇ, ಎಲ್ಲಿಗೆ ಓಡಿಹೋಗುತ್ತದೆ ಎಂಬ ಧೈರ್ಯ.

ಅಣ್ಣ ಕೇಳಿದ್ದು ದೊಡ್ಡದೇನೂ ಅಲ್ಲ. ಇಬ್ಬರದೂ ಒಂದೇ ಶೆಡ್ಡು. ಬಾಗಿಲ ಬಳಿ ಕುಳ್ಳನ ಮೇಜು, ಒಳಗಿನ ಕತ್ತಲ ಮೂಲೆಯಲ್ಲಿ ಅಣ್ಣನ ಮಿಲ್ಲಿಂಗ್ ಮೆಷಿನ್ನು. ಕಬ್ಬಿಣ ಕೊರೆಯುವ ಕಟ್ಟರ್ ಕಾದು ಕೆಡದಿರಲಿ ಎಂದು ಅದರ ಮೇಲೆ ಹಾಲಿನ ಬಣ್ಣದ ಕೂಲೆಂಟು ಸುರಿಯುತ್ತಲೇ ಇರಬೇಕು. ಗರಗರ ತಿರುಗುವ ಕಟ್ಟರ್ ಅದನ್ನು ಸುಮ್ಮನೆ ಬಿಟ್ಟೀತೇ? ಎದುರು ನಿಂತವನ ಮುಖ, ಮೈ, ನೆಲ, ಬೆನ್ನ ಹಿಂದಿನ ಗೋಡೆ, ಎಲ್ಲಕ್ಕೂ ಎರಚುತ್ತದೆ.

“ಲೇ ಕುಳ್ಳ, ಒಂದು ಮರೆ ಮಾಡ್ಕೊಡೋ. ಮನೇಲೊಂದು, ಇಲ್ಲೊಂದು, ದಿನಾ ಎರಡು ಸ್ನಾನ ಆಗ್ತಿದೆ ನಂಗೆ,” ಎಂದು ಅಣ್ಣ ನಗುತ್ತಲೇ ಕೇಳುತ್ತಿದ್ದ.

“ನಾಳೆ ಮಾಡ್ತೀನಣ್ಣ,” ಎಂದು ಕುಳ್ಳನೂ ನಗುತ್ತಲೇ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಊಟಕ್ಕೆಂದು ಹೊರಟ ಅಣ್ಣ ಆ ಒದ್ದೆ ನೆಲದ ಮೇಲೆ ಕಾಲು ಜಾರಿದ. ತಲೆ ಮೆಷಿನ್ನಿನ ಅಂಚಿಗೆ ಬಡಿಯಿತು. ಅಲ್ಲೇ ಹೋಗಿಬಿಟ್ಟ. ಆ ಹೊತ್ತಿಗೆ ಕುಳ್ಳ ಬಾಗಿಲ ಬಳಿ ಕೂತು ಯಾರದೋ ಬಕೆಟ್ಟಿಗೆ ತಳ ಕೂರಿಸುತ್ತಿದ್ದ.

ತಿಂಗಳಾದ ಮೇಲೆ, ಅಣ್ಣ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲೆಂದು ಕುಳ್ಳ ಮೆಷಿನ್ನಿನ ಹತ್ತಿರ ಹೋದ. ಆವತ್ತೇ ಅವನು ಗೋಡೆಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಹದಿನೆಂಟು ವರ್ಷದ ಕೂಲೆಂಟು ಕುಡಿದು ಗೋಡೆ ಪೂರ್ತಿ ಕಂದಾಗಿತ್ತು. ನಡುವೆ ಮಾತ್ರ ಸುಣ್ಣದ ಬಿಳುಪು ಹಾಗೇ ಉಳಿದಿತ್ತು. ಒಂದು ತಲೆ, ಎರಡು ಹೆಗಲು, ತುಸು ವಾಲಿದ ಮೈ. ಅಷ್ಟು ವರ್ಷ ಎರಚಿದ್ದನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಂಡು, ಅಣ್ಣ ತನ್ನ ಆಕಾರದಷ್ಟು ಗೋಡೆಯನ್ನು ಕಾಪಾಡಿದ್ದ. ಅವನು ಮುಂದೆ ನಿಂತಿದ್ದಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕುಳ್ಳನ ಮೈ ಜುಮ್ಮೆಂದಿತು. ಆದರೂ ಅದಕ್ಕೆ ಬೆನ್ನು ಮಾಡಿ ನಿಂತು ಮೆಷಿನ್ನು ಚಾಲೂ ಮಾಡಿದ. ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುವುದು ನಿಲ್ಲಲಿಲ್ಲ. ಕೊರೆತ ಸ್ವಲ್ಪ ಆಳವಾದಾಗ “ಸರಿ ಅಣ್ಣ, ಕಮ್ಮಿ ಮಾಡ್ದೆ,” ಎಂಬ ಮಾತು ತಾನಾಗಿ ಬಾಯಿಗೆ ಬಂತು.

ಭಯವನ್ನಾದರೂ ಹೇಗೋ ತಡೆದುಕೊಳ್ಳುತ್ತಿದ್ದ. ತಡೆಯಲಾಗದ್ದು ಸಂಜೆ ಕಂಡಿತು. ಕುಳ್ಳ ಹೆಸರಿಗೆ ತಕ್ಕ ಹಾಗೆ ಅಣ್ಣನಿಗಿಂತ ಒಂದು ತಲೆ ಕುಳ್ಳು. ಅವನ ನೆತ್ತಿ ದಾಟಿ ಹೋದ ಹನಿಗಳೆಲ್ಲ ನೇರವಾಗಿ ಆ ಬಿಳಿ ಮುಖಕ್ಕೇ ಬಡಿದಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದ. ಕಲೆ ಇನ್ನಷ್ಟು ಹರಡಿತು. ಹೀಗೇ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಅಣ್ಣನಿಗೆ ತಲೆಯೇ ಇರುವುದಿಲ್ಲ. ಆ ಬಿಳುಪಿನ ಮೇಲೆ ಗೋಣಿಚೀಲ ಇಳಿಬಿಟ್ಟು ನೋಡಿದ. ಹೆಣಕ್ಕೆ ಹೊದಿಸಿದಂತೆ ಕಂಡು, ಆ ಕ್ಷಣವೇ ಕಿತ್ತೆಸೆದ.

ಮಾರನೇ ದಿನ ಬಕೆಟ್ಟಿನವರನ್ನೆಲ್ಲ ವಾಪಸು ಕಳಿಸಿ ಮರೆ ಮಾಡಲು ಕೂತ. ಹನಿ ಎಲ್ಲಿಯವರೆಗೆ ಹಾರುತ್ತದೆಂದು ತಿಳಿಯಲು ಕಟ್ಟರಿನಿಂದ ಗೋಡೆಯ ಮೇಲಿನ ತಲೆಗೆ ದಾರ ಎಳೆಯಬೇಕಿತ್ತು. ಮೊಳೆ ಹಿಡಿದ ಕೈ ಮೇಲೇಳಲಿಲ್ಲ. ಅಣ್ಣನ ಹಣೆಗೆ ಮೊಳೆಯೇ? ದಾರವನ್ನು ಟೇಪಿನಿಂದ ಅಂಟಿಸಿದ. ಈ ತುದಿ ಹಿಡಿದು ನಿಂತಾಗ ಆ ತುದಿಯನ್ನೂ ಯಾರೋ ಹಿಡಿದಿರುವಷ್ಟು ಬಿಗಿ ಇತ್ತು. ದಾರದ ಎತ್ತರಕ್ಕೆ ಗುರುತು ಹಾಕಿ, ತಗಡಿನ ಚೌಕಟ್ಟು ಬಗ್ಗಿಸಿದ. ಮುಚ್ಚಿಹೋದ ಅಂಗಡಿಯೊಂದರ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗಾಜಿನ ಬದಲು ಕೂರಿಸಿದ. ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ, ಮೆಷಿನ್ನಿಗೆ ಕಚ್ಚಿಕೊಳ್ಳಲು ಒಡೆದ ಸ್ಪೀಕರಿನ ಅಯಸ್ಕಾಂತ. ತೆಗೆದು ಮುಚ್ಚಲು ಒಂದು ಹಿಡಿ. ಸತ್ಯ ಹೇಳಬೇಕೆಂದರೆ, ಅವನು ಹುಟ್ಟಿದ ಮೇಲೆ ಅಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ.

ಮುಗಿದ ದಿನ ಮಧ್ಯಾಹ್ನ ಅತ್ತಿಗೆ ಬಂದಳು. ಅಣ್ಣ ಹೋದ ಮೇಲೆ ಅವಳು ಶೆಡ್ಡಿಗೆ ಕಾಲಿಟ್ಟಿದ್ದು ಅದೇ ಮೊದಲು.

“ಊಟಕ್ಕೂ ಬರ್ತಿಲ್ವಂತೆ? ಏನ್ ಮಾಡ್ತಿದೀಯ?”

“ಬನ್ನಿ ಅತ್ತಿಗೆ. ಮರೆ ಮಾಡ್ದೆ. ಕೂಲೆಂಟ್ ಹಾರ್ದೇ ಇರೋಕೆ.”

ಅವಳು ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಹಿಡಿಯ ಹತ್ತಿರ ಕೈ ನಿಂತಿತು.

“ಹಿಡಿ ಎಡಗಡೆ ಇಟ್ಟಿದೀಯಲ್ಲೋ. ಎಡಚ ನೀನಲ್ಲ, ಅವರು.”

ಅಷ್ಟು ಅಳತೆ ಮಾಡಿದ ಕುಳ್ಳನಿಗೆ ಅದು ಗೊತ್ತೇ ಆಗಿರಲಿಲ್ಲ. ಗೋಡೆಯ ಕಡೆ ಕೈ ತೋರಿಸಿದ.

ಅತ್ತಿಗೆ ತಿರುಗಿ ನೋಡಿದಳು. ಹತ್ತಿರ ಹೋಗಿ ಆ ಬಿಳಿ ಹೆಗಲ ಮೇಲೆ ಅಂಗೈ ಇಟ್ಟಳು.

“ಅಳಿಸಿ ಹೋಗ್ತಿದ್ದ ಅತ್ತಿಗೆ,” ಎಂದ ಕುಳ್ಳ. “ಅದಕ್ಕೇ...”

“ಎಷ್ಟು ದಿನ ಹಿಡೀತು?”

“ಏನು?”

“ಇದನ್ನ ಮಾಡೋಕೆ.”

“ಮೂರು ದಿನ.”

“ಮೂರೇ ದಿನ,” ಎಂದಳು ಅತ್ತಿಗೆ.

ಬೈದಿದ್ದರೆ, ಎದೆಗೆ ಗುದ್ದಿ ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೈಗಂಟಿದ ಸುಣ್ಣವನ್ನು ಸೆರಗಿನಲ್ಲಿ ಒರೆಸದೆ, ಮುಷ್ಟಿ ಕಟ್ಟಿಕೊಂಡು ಹೊರಟುಹೋದಳು.

ಕುಳ್ಳ ಎಡಗೈಯಿಂದ ಮರೆ ಮುಚ್ಚಿ ಮೆಷಿನ್ನು ಚಾಲೂ ಮಾಡಿದ. ಕೂಲೆಂಟು ಒಳಗೇ ಬಡಿದು ಒಳಗೇ ಇಳಿಯಿತು. ಆಗ ಹೊಸ ಪ್ಲಾಸ್ಟಿಕ್ ಹಾಳೆಯಲ್ಲಿ ತನ್ನ ಮುಖ ಕಂಡಿತು. ಮುಖದ ಹಿಂದೆ, ಒಂದು ತಲೆ ಎತ್ತರಕ್ಕೆ, ಬಾಗಿಲ ಬೆಳಕಿನಲ್ಲಿ ಬೆಳ್ಳಗೆ ಅಣ್ಣ ನಿಂತಿದ್ದ. ಇಷ್ಟು ದಿನ ಬೆನ್ನು ಮಾಡಿ ಕೆಲಸ ಮಾಡಬಹುದಿತ್ತು. ಇನ್ನು ಆ ದಾರಿಯೂ ಇಲ್ಲ.

“ಮಾಡ್ಕೊಟ್ಟೆ ಅಣ್ಣ,” ಎಂದ.

ಮೆಷಿನ್ನು ಗುಂಯ್‌ಗುಟ್ಟುತ್ತಲೇ ಇತ್ತು. ಅವನ ಕಾಲ ಕೆಳಗಿನ ನೆಲ, ಒಂದು ಹನಿಯೂ ಬೀಳದೆ, ಒಣಗಿಕೊಂಡೇ ಇತ್ತು.